ನೀರು ಆತನದು, ಒಡ್ಡು ತೆಗೆಯುವ ಕೆಲಸ ನಮ್ಮದು



ಪಾಸ್ಖ ಹಬ್ಬದ ನಂತರ ಮನೆಗಳನ್ನು ಆಶೀರ್ವದಿಸಲು ಹೋಗುವುದು ನಮ್ಮಲ್ಲಿ ರೂಢಿ. ಕಳೆದ ವರ್ಷ ಹಾಗೆ ಹೋದಾಗ, ನನ್ನನ್ನು ಕಳಿಸಲು ಬಂದ ಒಬ್ಬ ತಾಯಿ ಹೊಸ್ತಿಲಲ್ಲೇ ನಿಂತು ಯಾರಿಗೂ ಕೇಳದಂತೆ ಒಂದು ಮಾತು ಹೇಳಿದರು: "ಫಾದರ್, ಇಪ್ಪತ್ತ ವರ್ಷಾತು, ಒಂದ ಐತವಾರ ಪೂಜಿ ತಪ್ಪಿಸಿಲ್ಲ. ಪ್ರಸಾದ ತಗೋತೀನಿ, ಜಪಸರ ಮಾಡ್ತೀನಿ. ಆದ್ರ ಆ ಕಡೀ ಮನೀ ನೆಗೆಣ್ಣಿ ಮಾರಿ ಕಂಡ್ರ ಹೊಟ್ಟ್ಯಾಗ ಬೆಂಕಿ ಬೀಳತೈತಿ. ನನಗ ದೇವರ ಕೃಪಾ ಹತ್ತೂದಿಲ್ಲ ಅಂತ ಕಾಣತೈತ್ರಿ."

ಒಂದೇ ಅಂಗಳದ ಎರಡು ಮನೆಗಳು. ನಡುವೆ ಎದೆಮಟ್ಟದ ಗೋಡೆ. ಏಳು ವರ್ಷದಿಂದ ಮಾತಿಲ್ಲ. ಆ ತಾಯಿ ಇದನ್ನು ಪಾಪನಿವೇದನೆಯಲ್ಲಿ ಹೇಳಿದ್ದಲ್ಲ, ಬಾಗಿಲಲ್ಲಿ ಹೇಳಿದ್ದು. ಬರೆಯಲು ಒಪ್ಪಿಗೆಯನ್ನೂ ಕೊಟ್ಟಿದ್ದಾರೆ. ಹೆಸರು, ಊರು ನಮಗೆ ಬೇಡ.

ಆ ದಿನ ನಾನು ಕೊಟ್ಟ ಉತ್ತರ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಇನ್ನೂ ಆರು ಮನೆಗಳು ಬಾಕಿಯಿದ್ದವು. ಗಡಿಯಾರ ನೋಡುತ್ತಾ "ಪ್ರಾರ್ಥನೆ ಮಾಡಿರಿ ತಾಯಿ, ಎಲ್ಲಾ ಸರಿಹೋಗುತ್ತದೆ" ಎಂದು ಹೇಳಿ ಮುಂದೆ ನಡೆದೆ. ಗುರುಮಠದಲ್ಲಿ ವರಪ್ರಸಾದದ ಬಗ್ಗೆ ಒಂದು ವರ್ಷ ಪಾಠ ಕೇಳಿದವನು, ಪರೀಕ್ಷೆ ಬರೆದವನು ನಾನು. ಆದರೆ ಆಕೆ ಕೇಳಿದ್ದು ಪರೀಕ್ಷೆಯ ಪ್ರಶ್ನೆಯಾಗಿರಲಿಲ್ಲ. ಇಪ್ಪತ್ತು ವರ್ಷ ವರಪ್ರಸಾದ ಪಡೆದರೂ ನನ್ನ ಬದುಕು ಏಕೆ ಬದಲಾಗಿಲ್ಲ? ನಮ್ಮಲ್ಲಿ ಅನೇಕರು ಕೇಳಲು ಹೆದರುವ ಪ್ರಶ್ನೆ ಇದು.

ತುಕ್ಕಾನಟ್ಟಿಯ ದಾರಿಯಲ್ಲಿ

ಉತ್ತರ ನನಗೆ ಸಿಕ್ಕಿದ್ದು ಪುಸ್ತಕದಲ್ಲಲ್ಲ, ಕಾಲುವೆಯ ದಂಡೆಯ ಮೇಲೆ. ದೀಪಾವಳಿ ಮುಗಿದ ಮೇಲೆ ನಮ್ಮ ಧರ್ಮಕೇಂದ್ರದ ಒಬ್ಬ ರೈತರು ಹೊಲದ ಮಣ್ಣು ಪರೀಕ್ಷೆ ಮಾಡಿಸಲು ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೊರಟಿದ್ದರು. ನಾನೂ ಜೊತೆಗೆ ಹೋದೆ. ಮೊದಲು ಗೋಕಾಕ ತಾಲೂಕಿನಲ್ಲಿದ್ದು ಈಗ ಮೂಡಲಗಿ ತಾಲೂಕಿಗೆ ಸೇರಿರುವ ಈ ಸೀಮೆಯನ್ನು ನೋಡಿದವರಿಗೆ ಗೊತ್ತು: ಕಣ್ಣು ಹಾಯುವಷ್ಟು ಕಬ್ಬು, ಗೋವಿನಜೋಳ, ಅಲ್ಲಲ್ಲಿ ಅರಿಸಿನ. ಇದೆಲ್ಲ ಮಳೆಯೊಂದನ್ನೇ ನಂಬಿ ಬೆಳೆದ ಹಸಿರಲ್ಲ. ಪಶ್ಚಿಮ ಘಟ್ಟದ ಮಳೆಯನ್ನು ಘಟಪ್ರಭೆ ಹೊತ್ತು ತರುತ್ತಾಳೆ. ಹುಕ್ಕೇರಿ ತಾಲೂಕಿನ ಹಿಡಕಲ್ ಅಣೆಕಟ್ಟು 51 ಟಿ.ಎಂ.ಸಿ. ನೀರನ್ನು ಹಿಡಿದಿಡಬಲ್ಲುದು, ಧೂಪದಾಳದ ಒಡ್ಡಿನಿಂದ ಕಾಲುವೆ ಹೊರಡುತ್ತದೆ. ಎಲ್ಲಿಯೋ ಬಿದ್ದ ಮಳೆ ಎಷ್ಟೋ ಹರದಾರಿ ದೂರ ನಡೆದು ಬಂದು ನಮ್ಮ ಹೊಲದ ಬದುವಿಗೆ ಬಂದು ನಿಲ್ಲುತ್ತದೆ.

ದಾರಿಯಲ್ಲಿ ಒಂದು ಹೊಲದ ಹತ್ತಿರ ನಿಂತೆವು. ಹಿರಿಯ ರೈತರೊಬ್ಬರು ಸಲಿಕೆ ಹಿಡಿದು ಕಬ್ಬಿಗೆ ನೀರು ಹಾಯಿಸುತ್ತಿದ್ದರು. "ಅಜ್ಜಾರ, ನೀರು ಚಲೋ ತಂದೀರಿ" ಎಂದೆ ಮಾತಿಗೆ. ಅವರು ನಕ್ಕು ಹೇಳಿದರು: "ನಾ ಎಲ್ಲಿ ತರ್ತೀನ್ರಿ? ಅದು ತಾನ ಬರತೈತಿ. ನಂದೇನಿದ್ರೂ ಒಡ್ಡ ತಗ್ಯೂದು, ಹುಲ್ಲು ಕಸಾ ಬಳಿಯೂದು. ಆದ್ರ ಪಾಳಿ ಬಂದಾಗ ಮಲಕೊಂಡ್ರ ಮಾತ್ರ ಬಾಜೂ ಹೊಲಕ್ಕ ಹೋಗಿಬಿಡತೈತಿ."

ಪ್ರಿಯ ಓದುಗರೇ, ವರಪ್ರಸಾದವನ್ನು ಕುರಿತು ನಾನು ಓದಿದ ದಪ್ಪ ಪುಸ್ತಕಗಳ ಸಾರ ಈ ಮೂರು ಮಾತಿನಲ್ಲಿದೆ. ನೀರು ನನ್ನದಲ್ಲ, ಅದು ಬರುತ್ತದೆ. ಒಡ್ಡು ತೆಗೆಯುವ ಕೆಲಸ ನನ್ನದು. ಮಲಗಿದರೆ ನಷ್ಟ ನನಗೇ.

ಪವಿತ್ರತೆ ಯಾರಿಗೆ?

'ಸಂತ' ಎಂಬ ಮಾತು ಕೇಳಿದೊಡನೆ ನಮ್ಮ ಕಣ್ಣು ಪೀಠದ ಮೇಲಿನ ಪ್ರತಿಮೆಯ ಕಡೆಗೆ ಹೋಗುತ್ತದೆ. ಪವಿತ್ರತೆ ಎಂದರೆ ಗುರುಗಳಿಗೆ, ಕನ್ಯಾಸ್ತ್ರೀಯರಿಗೆ. ಸಂಸಾರಸ್ಥರು ಹೇಗೋ ಬದುಕಿ ಸತ್ತರೆ ಸಾಕು ಎಂಬ ಭಾವನೆ ಇನ್ನೂ ಹೋಗಿಲ್ಲ. ಆದರೆ ಸಂತ ಪೌಲರು ಥೆಸಲೋನಿಕದ ಸಾಮಾನ್ಯ ವಿಶ್ವಾಸಿಗಳಿಗೆ ಬರೆಯುತ್ತಾ, ಅವರು ಪವಿತ್ರರಾಗಬೇಕೆಂಬುದೇ ದೇವರ ಚಿತ್ತ ಎಂದು ತಿಳಿಸಿದರು (1 ಥೆಸ 4:3). 1964ರ ನವೆಂಬರ್ 21ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಧರ್ಮಸಭೆಯನ್ನು ಕುರಿತು ಹೊರಡಿಸಿದ ಸಂವಿಧಾನದಲ್ಲಿ ಒಂದು ಇಡೀ ಅಧ್ಯಾಯವನ್ನೇ ಈ ವಿಷಯಕ್ಕೆ ಮೀಸಲಿಟ್ಟಿತು: ಯಾವ ಅಂತಸ್ತಿನವರೇ ಆಗಿರಲಿ, ಕ್ರಿಸ್ತವಿಶ್ವಾಸಿಗಳೆಲ್ಲರಿಗೂ ಪವಿತ್ರತೆಯ ಕರೆ ಇದೆ. 2018ರ ಮಾರ್ಚ್ 19ರಂದು, ಸಂತ ಜೋಸೆಫರ ಹಬ್ಬದ ದಿನ ಸಹಿ ಮಾಡಿದ ಪತ್ರದಲ್ಲಿ ದಿವಂಗತ ಜಗದ್ಗುರು ಫ್ರಾನ್ಸಿಸರು ಪಕ್ಕದ ಮನೆಯ ಸಂತರನ್ನು ನೆನೆದರು. ಪ್ರೀತಿಯಿಂದ ಮಕ್ಕಳನ್ನು ಬೆಳೆಸುವ ತಂದೆತಾಯಿಗಳು, ಮನೆಯ ರೊಟ್ಟಿಗಾಗಿ ದುಡಿಯುವವರು, ನಗುವನ್ನು ಬಿಡದ ರೋಗಿಗಳು, ಇವರಲ್ಲಿ ಅವರು ಪವಿತ್ರತೆಯನ್ನು ಕಂಡರು.

ಆದ್ದರಿಂದ ಪವಿತ್ರತೆ ಎಂಬುದು ನಿಮ್ಮ ಅಡುಗೆಮನೆ, ಹೊಲ, ಕಚೇರಿಗಳಲ್ಲಿ ಆಗಬೇಕಾದ ಕೆಲಸ. ಆ ತಾಯಿಯ ಮಟ್ಟಿಗೆ ಅದು ಎದೆಮಟ್ಟದ ಗೋಡೆಯ ಬಳಿ ಆಗಬೇಕಾದ ಕೆಲಸವಾಗಿತ್ತು.

ಎರಡು ತಪ್ಪು ದಾರಿಗಳು

ಈ ವಿಷಯದಲ್ಲಿ ಧರ್ಮಸಭೆ ಮೊದಲಿನಿಂದಲೂ ಎರಡು ತಪ್ಪುಗಳನ್ನು ಕಂಡಿದೆ. ಮೊದಲನೆಯದು, ನೀರನ್ನು ನಾನೇ ತರುತ್ತೇನೆ ಎನ್ನುವ ತಪ್ಪು. ಐದನೆಯ ಶತಮಾನದ ಆರಂಭದಲ್ಲಿ ಪೆಲಾಜಿಯಸ್ ಎಂಬ ಬ್ರಿಟನ್ನಿನ ತಪಸ್ವಿ, ಮನುಷ್ಯ ಮನಸ್ಸು ಮಾಡಿದರೆ ಸ್ವಂತ ಬಲದಿಂದಲೇ ಪಾಪವಿಲ್ಲದೆ ಬದುಕಬಲ್ಲ ಎಂದು ಬೋಧಿಸಿದ. ಇದರ ವಿರುದ್ಧ ಲೇಖನಿ ಹಿಡಿದವರು ಸಂತ ಅಗಸ್ಟೀನರು. ತಮ್ಮ ಯೌವನದಲ್ಲಿ ಎಷ್ಟು ಬಾರಿ ಸಂಕಲ್ಪ ಮಾಡಿ ಎಷ್ಟು ಬಾರಿ ಮುರಿದಿದ್ದೇನೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. 418ರಲ್ಲಿ ಕಾರ್ಥೇಜಿನ ಸಭೆ ಪೆಲಾಜಿಯಸನ ಬೋಧನೆಯನ್ನು ತಿರಸ್ಕರಿಸಿತು. 529ರಲ್ಲಿ ಆರೆಂಜ್ ಸಭೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ವಿಶ್ವಾಸದ ಮೊದಲ ಮಿಡಿತ, ಒಳ್ಳೆಯವನಾಗಬೇಕೆಂಬ ಮೊದಲ ಆಸೆ ಕೂಡ ದೇವರ ಕೊಡುಗೆಯೇ ಎಂದು ಹೇಳಿತು.

ಎರಡನೆಯದು ಇದಕ್ಕೆ ತಿರುಗಿದ ತಪ್ಪು: ಎಲ್ಲವೂ ದೇವರದೇ ಅಂದಮೇಲೆ ನಾನು ಏನೂ ಮಾಡಬೇಕಾಗಿಲ್ಲ, ಸುಮ್ಮನೆ ಬಿದ್ದಿರುತ್ತೇನೆ. ಹದಿನೇಳನೆಯ ಶತಮಾನದಲ್ಲಿ ಮೋಲಿನೋಸ್ ಎಂಬ ಸ್ಪೇನಿನ ಗುರು ಈ ಬಗೆಯ ನಿಷ್ಕ್ರಿಯ ಭಕ್ತಿಯನ್ನು ಕಲಿಸಿದ. 1687ರಲ್ಲಿ ರೋಮ್ ಅದನ್ನೂ ಖಂಡಿಸಿತು.

ಇವೆರಡರ ನಡುವಿನ ನೇರ ದಾರಿಯನ್ನು 1547ರ ಜನವರಿಯಲ್ಲಿ ಟ್ರೆಂಟ್ ಮಹಾಸಭೆ ಗುರುತಿಸಿತು. ನಮ್ಮ ಯಾವ ಪುಣ್ಯವೂ ಇಲ್ಲದಿರುವಾಗಲೇ ದೇವರು ಮೊದಲು ನಮ್ಮನ್ನು ಮುಟ್ಟುತ್ತಾನೆ. ಆ ಸ್ಪರ್ಶಕ್ಕೆ ಮನುಷ್ಯ ಸ್ವತಂತ್ರವಾಗಿ ಒಪ್ಪಿಗೆ ಕೊಟ್ಟು ಸಹಕರಿಸಬೇಕು. ಬೇಡವೆಂದು ತಳ್ಳಿಬಿಡಲೂ ಅವನಿಗೆ ಸಾಧ್ಯ. ಫಿಲಿಪ್ಪಿಯರಿಗೆ ಬರೆದ ಪತ್ರದಲ್ಲಿ (2:12-13) ಪೌಲರು ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ: ನಿಮ್ಮ ಉದ್ಧಾರಕ್ಕಾಗಿ ಭಯಭಕ್ತಿಯಿಂದ ಶ್ರಮಿಸಿರಿ, ಏಕೆಂದರೆ ನಿಮ್ಮಲ್ಲಿ ಇಚ್ಛೆಯನ್ನೂ ಕಾರ್ಯವನ್ನೂ ಹುಟ್ಟಿಸುವಾತ ದೇವರೇ ಎಂಬುದು ಅವರ ಬೋಧನೆ. 'ಏಕೆಂದರೆ' ಎಂಬ ಸಂಬಂಧವನ್ನು ಗಮನಿಸಿರಿ. ದೇವರು ಮಾಡುತ್ತಾನೆ, ಆದ್ದರಿಂದ ನೀನು ಸುಮ್ಮನಿರು ಎಂದಲ್ಲ. ದೇವರು ಮಾಡುತ್ತಿದ್ದಾನೆ, ಆದ್ದರಿಂದಲೇ ನೀನು ಏಳು.

ಇಲ್ಲಿ ನಮ್ಮ ಕಾಲುವೆಯ ಹೋಲಿಕೆಗೆ ಒಂದು ತಿದ್ದುಪಡಿ ಬೇಕು. ರೈತನ ಸಲಿಕೆ, ತೋಳಿನ ಬಲ ಅವನವು. ನೀರು ಮಾತ್ರ ಹೊರಗಿನಿಂದ ಬಂದದ್ದು. ಆದರೆ ಆತ್ಮಿಕ ಜೀವನದಲ್ಲಿ ಸಲಿಕೆ ಹಿಡಿಯುವ ಕೈಗೆ ಬಲ ಕೊಡುವವನೂ ಆತನೇ. 'ಅರ್ಧ ದೇವರದು, ಅರ್ಧ ನನ್ನದು' ಎಂದು ಲೆಕ್ಕ ಹಾಕುವಂತಿಲ್ಲ. ಎಲ್ಲವೂ ಆತನದು, ಆದರೂ ನಾನು ಮಾಡುವುದು ನಿಜವಾಗಿ ನಾನೇ ಮಾಡುವುದು.

ನೀರು ಬರುವ ಹೊತ್ತು

ದೀಕ್ಷಾಸ್ನಾನದಲ್ಲಿ ದೇವರ ಜೀವವೇ ನಮ್ಮಲ್ಲಿ ನೆಲೆಸುತ್ತದೆ. ಇದನ್ನು ನಾವು ಪವಿತ್ರೀಕರಿಸುವ ವರಪ್ರಸಾದ ಎನ್ನುತ್ತೇವೆ. ಘೋರಪಾಪದಿಂದ ಇದನ್ನು ಕಳೆದುಕೊಂಡವರಿಗೆ ಪಾಪನಿವೇದನೆಯಲ್ಲಿ ಮರಳಿ ಸಿಗುತ್ತದೆ, ಪರಮಪ್ರಸಾದದಲ್ಲಿ ಬೆಳೆಯುತ್ತದೆ. ಇದಲ್ಲದೆ ಆಯಾ ಗಳಿಗೆಯಲ್ಲಿ ದೇವರು ಕೊಡುವ ನೆರವೂ ಇದೆ: ಒಂದು ಬೆಳಕು, ಒಂದು ತಿವಿತ, ಒಂದು ಸಣ್ಣ ಧೈರ್ಯ. ಇದನ್ನು ಸಹಾಯಕ ವರಪ್ರಸಾದ ಎನ್ನಬಹುದು. ಸಿಟ್ಟಿನ ಮಾತು ನಾಲಿಗೆಯ ತುದಿಗೆ ಬಂದಾಗ ಒಳಗಿನಿಂದ ಯಾರೋ 'ಬೇಡ' ಅಂದಂತಾಗುವುದಿಲ್ಲವೇ? ಆಸ್ಪತ್ರೆಯಲ್ಲಿ ಬಿದ್ದಿರುವ ಸಂಬಂಧಿಕರ ನೆನಪು ಇದ್ದಕ್ಕಿದ್ದಂತೆ ಬರುವುದಿಲ್ಲವೇ? ಅದೇ ನಿಮ್ಮ ಪಾಳಿ. ಅದಕ್ಕೆ ಗಂಟೆ ಬಾರಿಸುವುದಿಲ್ಲ. ಆ ಗಳಿಗೆಯಲ್ಲಿ ಎದ್ದವನು ಬೆಳೆಯುತ್ತಾನೆ, 'ನಾಳೆ ನೋಡೋಣ' ಅಂದವನು ಒಣಗುತ್ತಾನೆ. ದೇವರ ಕೃಪೆಯನ್ನು ವ್ಯರ್ಥವಾಗಿ ಸ್ವೀಕರಿಸಬೇಡಿರೆಂದು ಪೌಲರು ಕೊರಿಂಥದವರನ್ನು ಬೇಡಿಕೊಂಡಿದ್ದು (2 ಕೊರಿಂಥ 6:1) ಇದಕ್ಕಾಗಿಯೇ.

ಸವಳು ಬಿದ್ದ ಹೊಲ

ಆದರೆ ಆ ತಾಯಿ ಮಲಗಿದವರಲ್ಲ. ಪೂಜೆ, ಜಪಸರ, ಪ್ರಸಾದ ಯಾವುದನ್ನೂ ಬಿಟ್ಟವರಲ್ಲ. ಹಾಗಾದರೆ ತೊಂದರೆ ಎಲ್ಲಿ? ಇದಕ್ಕೂ ನಮ್ಮ ನೀರಾವರಿ ಸೀಮೆಯಲ್ಲೇ ಉತ್ತರವಿದೆ.

ನೀರು ಬಂದ ಊರುಗಳಲ್ಲಿ ರೈತರನ್ನು ಕಾಡುವ ಒಂದು ರೋಗ ಸವಳು-ಜವಳು. ಹೊಲಕ್ಕೆ ಮೇಲಿಂದ ಮೇಲೆ ನೀರು ಹಾಯಿಸುತ್ತಾರೆ, ಆದರೆ ಅದು ಬಸಿದು ಹೋಗಲು ದಾರಿ ಮಾಡುವುದಿಲ್ಲ. ನೆಲದೊಳಗೆ ನೀರಿನ ಮಟ್ಟ ಏರುತ್ತದೆ. ಬಿಸಿಲಿಗೆ ಮೇಲಿನ ನೀರು ಆರುತ್ತದೆ, ಅದರ ಜೊತೆ ಮೇಲೆ ಬಂದ ಉಪ್ಪು ಅಲ್ಲೇ ಉಳಿಯುತ್ತದೆ. ಕೆಲವೇ ವರ್ಷಗಳಲ್ಲಿ ಬಂಗಾರದಂಥ ಎರೆಭೂಮಿಯ ಮೇಲೆ ಸುಣ್ಣ ಚೆಲ್ಲಿದಂತೆ ಬಿಳಿಯ ಪದರು. ಬೀಜ ಹಾಕಿದರೆ ಮೊಳಕೆ ಸುಡುತ್ತದೆ. ತಪ್ಪು ನೀರಿನದಲ್ಲ. ಮದ್ದು ಏನೆಂದರೆ ಬಸಿಗಾಲುವೆ ತೋಡಬೇಕು, ಬಂದ ನೀರು ಹರಿದು ಹೋಗಲು ದಾರಿ ಕೊಡಬೇಕು. ಆ ದಿನ ನಮ್ಮ ರೈತರು ಮಣ್ಣಿನ ಚೀಲ ಹೊತ್ತು ತುಕ್ಕಾನಟ್ಟಿಗೆ ಬಂದದ್ದೂ ಈ ಚಿಂತೆಯಿಂದಲೇ.

ಈ ಮಾತು ನನ್ನ ಎದೆಗೆ ನಾಟಿತು, ಏಕೆಂದರೆ ಒಂದು ಕಾಲಕ್ಕೆ ನಾನೇ ಸವಳು ಬಿದ್ದ ಹೊಲವಾಗಿದ್ದೆ. ನಾನು ಗುರುಪಟ್ಟ ಪಡೆದ ಆರನೆಯ ವರ್ಷ ನಮ್ಮ ತಂದೆ ತೀರಿಕೊಂಡರು. ಹೊಲದ ಪಾಲಿನ ಮಾತು ಬಂದಾಗ ನನ್ನ ಅಣ್ಣ ಎಲ್ಲರ ಎದುರಿಗೆ "ನೀ ಸ್ವಾಮಿ ಆದಾಂವ, ನಿನಗ್ಯಾಕ ಬೇಕು ಇದರ ಉಸಾಬರಿ?" ಎಂದುಬಿಟ್ಟ. ನನಗೆ ಹೊಲ ಬೇಕಿರಲಿಲ್ಲ. ಆದರೆ ಆ ಮಾತು ಮುಳ್ಳಿನಂತೆ ಒಳಗೆ ಮುರಿದುಕೊಂಡಿತು. ಮೂರು ವರ್ಷ ನಾನು ಊರಿಗೆ ಹೋಗಲಿಲ್ಲ. ಪ್ರತಿ ಬಾರಿಯೂ ಒಂದು ಪವಿತ್ರವಾದ ನೆಪ ಇರುತ್ತಿತ್ತು: ಹಬ್ಬದ ನವೇನ, ಧ್ಯಾನಕೂಟ, ಮಕ್ಕಳ ಧರ್ಮೋಪದೇಶ. ದಿನವೂ ಬಲಿಪೂಜೆ ಅರ್ಪಿಸುತ್ತಿದ್ದೆ, ಕ್ಷಮೆಯ ಬಗ್ಗೆ ಚೆನ್ನಾಗಿಯೇ ಪ್ರಬೋಧನೆ ಕೊಡುತ್ತಿದ್ದೆ. ಒಳಗೆ ಮಾತ್ರ ಪ್ರಾರ್ಥನೆ ಒಣಗುತ್ತಿತ್ತು. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಸಹೋದರನೊಡನೆ ರಾಜಿಯಾಗಲು ಹೋಗಬೇಕೆಂಬ ಯೇಸುಸ್ವಾಮಿಯ ಬೋಧನೆ (ಮತ್ತಾಯ 5:23-24) ಬಂದ ದಿನ ಬೇರೆ ವಾಚನದ ಮೇಲೆ ಪ್ರಬೋಧನೆ ಕೊಟ್ಟು ತಪ್ಪಿಸಿಕೊಂಡೆ.

ಕೊನೆಗೆ ತಾಯಿಗೆ ಹುಷಾರಿಲ್ಲವೆಂದು ಸುದ್ದಿ ಬಂತು. ರಾತ್ರಿ ಬಸ್ಸಿನಿಂದ ಇಳಿದಾಗ ನಿಲ್ದಾಣದಲ್ಲಿ ಅಣ್ಣ ನಿಂತಿದ್ದ. ಏನೂ ಮಾತಾಡದೆ ನನ್ನ ಚೀಲಕ್ಕೆ ಕೈ ಚಾಚಿದ. ಒಂದು ಗಳಿಗೆ ಚೀಲವನ್ನು ಬಿಗಿಯಾಗಿ ಹಿಡಿದುಕೊಂಡೆ. 'ಬೇಡ, ನಾನೇ ಹೊತ್ತುಕೊಳ್ಳುತ್ತೇನೆ' ಎನ್ನುವ ಮಾತು ಬಾಯಿಗೆ ಬಂದಿತ್ತು. ಆಮೇಲೆ ಕೊಟ್ಟುಬಿಟ್ಟೆ. ಅಷ್ಟೇ ನಾನು ಮಾಡಿದ್ದು. ನಾಲ್ಕು ಹೆಜ್ಜೆ ನಡೆದ ಮೇಲೆ ಅಣ್ಣ ಕೇಳಿದ: "ಉಂಡಿ ಏನ?" ಮೂರು ವರ್ಷದ ಗೋಡೆ ಆ ಎರಡು ಮಾತಿಗೆ ಕುಸಿಯಿತು. ಕೈ ಚಾಚಿಸಿದವನೂ ದೇವರೇ, ನನ್ನ ಬೆರಳು ಸಡಿಲಿಸಿದವನೂ ಆತನೇ. ಆದರೆ ಚೀಲ ಕೊಟ್ಟವನು ನಾನು. ಕೊಡದೆ ಇರಲೂ ಸಾಧ್ಯವಿತ್ತು.

ವರಪ್ರಸಾದ ಒಳಗೆ ಕಟ್ಟಿಡುವ ಸೊತ್ತಲ್ಲ. ಪಡೆದ ಕ್ಷಮೆ ಇನ್ನೊಬ್ಬರ ಕಡೆಗೆ ಹರಿಯದಿದ್ದರೆ ನಮ್ಮ ಭಕ್ತಿಯ ಮೇಲೇ ಉಪ್ಪು ಏಳುತ್ತದೆ: 'ನಾನು ಪೂಜೆ ತಪ್ಪಿಸದವಳು, ಆಕೆ ನೋಡು' ಎಂಬ ಉಪ್ಪು. ಕಾಲುವೆಯ ತುದಿಯ ಹೊಲದವರು ನೀರಿಗಾಗಿ ಕಾಯುತ್ತಿರುವಾಗ ರಾತ್ರಿ ಕದ್ದು ಅವರ ಪಾಳಿಯ ನೀರು ತಿರುಗಿಸಿಕೊಂಡವನು, ಬೆಳಿಗ್ಗೆ ದೇವಾಲಯದಲ್ಲಿ ಎಷ್ಟು ಗಟ್ಟಿಯಾಗಿ ಹಾಡಿದರೂ ಅದು ಪವಿತ್ರತೆಯಾಗುವುದಿಲ್ಲ.

ನಮ್ಮ ನಾಡಿನಲ್ಲಿ ನಡೆದಾಡಿದ ಒಬ್ಬ ಸಂತ

ಕೃಪೆಗೆ ಮನುಷ್ಯನ ಪ್ರತಿಸ್ಪಂದನೆ ಹೇಗಿರಬೇಕೆಂಬುದಕ್ಕೆ ಕರ್ನಾಟಕದ ನೆಲವನ್ನೇ ಮೆಟ್ಟಿದ ಸಂತರೊಬ್ಬರು ನಮಗಿದ್ದಾರೆ. ಸಂತ ಜೋಸೆಫ್ ವಾಜ್ 1651ರಲ್ಲಿ ಗೋವೆಯ ಬೆಣಾವ್ಲಿಯಲ್ಲಿ ಹುಟ್ಟಿದರು. 1681ರಿಂದ 1684ರವರೆಗೆ ಕೆನರಾ ಸೀಮೆಯಲ್ಲಿ ಸೇವೆ ಮಾಡಿದರು. ಅವರು ಹೋಗಬಯಸಿದ್ದು ಗುರುಗಳೇ ಇಲ್ಲದೆ ಸೊರಗಿದ್ದ ಸಿಂಹಳಕ್ಕೆ, ಕಳುಹಿಸಿದ್ದು ಕೆನರಾಕ್ಕೆ. ಅಲ್ಲಿ ಆಗ ಧರ್ಮಾಧಿಕಾರ ಯಾರದೆಂಬ ವ್ಯಾಜ್ಯದಲ್ಲಿ ಭಕ್ತರೇ ಇಬ್ಭಾಗವಾಗಿದ್ದರು. ವಾಜರು ಜಗಳಕ್ಕೆ ಉಪ್ಪು ಸುರಿಯಲಿಲ್ಲ. ತಾಳ್ಮೆಯಿಂದ, ಎದುರು ಪಕ್ಷದವರಿಗೂ ಗೌರವ ಕೊಟ್ಟು, ಕಾಲ್ನಡಿಗೆಯಲ್ಲಿ ಊರೂರು ತಿರುಗಿ ಸಂಸ್ಕಾರಗಳನ್ನು ನೀಡಿದರು. ಮಂಗಳೂರಿನ ಬಳಿಯ ಮುಡಿಪುವಿನಲ್ಲಿ ಇಂದಿಗೂ ಜನ ಅವರನ್ನು ಸ್ಮರಿಸುತ್ತಾರೆ. 1687ರಲ್ಲಿ ಕೂಲಿಯವನ ವೇಷದಲ್ಲಿ ಸಿಂಹಳ ಸೇರಿದರು. ಗೂಢಚಾರನೆಂಬ ಸಂಶಯದಿಂದ ಅವರನ್ನು ಕ್ಯಾಂಡಿಯಲ್ಲಿ ಸೆರೆಯಲ್ಲಿಟ್ಟರು. 1697ರಲ್ಲಿ ಅದೇ ಕ್ಯಾಂಡಿಗೆ ಸಿಡುಬು ಬಂದಾಗ, ಸ್ವಂತದವರೇ ಬಿಟ್ಟುಹೋದ ರೋಗಿಗಳನ್ನು ಯಾವ ಮತದವರೆಂದು ಕೇಳದೆ ಆರೈಕೆ ಮಾಡಿದರು. 1711ರ ಜನವರಿ 16ರಂದು ಅಲ್ಲೇ ಕಣ್ಣುಮುಚ್ಚಿದರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಜಗದ್ಗುರು ಫ್ರಾನ್ಸಿಸರು ಅವರನ್ನು ಸಂತರೆಂದು ಘೋಷಿಸಿದರು.

ಗಮನಿಸಿರಿ: ದೇವರು ಒಮ್ಮೆಗೇ ಸಿಂಹಳವನ್ನು ಕೊಡಲಿಲ್ಲ. ಮೊದಲು ಕೆನರಾದ ಜಗಳವನ್ನು ಕೊಟ್ಟ. ಸಿಕ್ಕ ಪಾಳಿಯಲ್ಲಿ ನಿಷ್ಠೆಯಿಂದ ನಿಂತವರಿಗೆ ಮುಂದಿನ ಪಾಳಿ ಬಂತು.

ಗೋಡೆಯ ಮೇಲಿನ ತಾಟು

ತುಕ್ಕಾನಟ್ಟಿಯಿಂದ ಬಂದ ಮೇಲೆ ಆ ತಾಯಿಯ ಮನೆಗೆ ಹೋದೆ. ಈ ಸಲ ಗಡಿಯಾರ ನೋಡಲಿಲ್ಲ. ನನ್ನ ಅಣ್ಣನ ಕಥೆ ಹೇಳಿದೆ, ಸವಳಿನ ಕಥೆ ಹೇಳಿದೆ. "ತಾಯಿ, ನಿಮಗೆ ಕೃಪೆ ಹತ್ತಿಲ್ಲ ಎನ್ನಬೇಡಿರಿ. ಹತ್ತದಿದ್ದರೆ ನಿಮಗೆ ಈ ಸಂಕಟವೇ ಆಗುತ್ತಿರಲಿಲ್ಲ. ಬೆಂಕಿಯನ್ನು ನೀವು ಆರಿಸಲಾರಿರಿ, ಅದು ದೇವರ ಕೆಲಸ. ನೀವು ಒಂದು ಸಣ್ಣ ಹರಿ ತೋಡಿರಿ, ಸಾಕು" ಎಂದೆ.

ಕ್ರಿಸ್ತಜಯಂತಿಯ ದಿನ ಅವರು ಒಂದು ತಾಟಿನಲ್ಲಿ ಕರ್ಚಿಕಾಯಿ ಹಾಕಿ ಗೋಡೆಯ ಮೇಲಿಟ್ಟು ಬಂದರಂತೆ; ಕೈಗೆ ಕೊಡುವಷ್ಟು ಧೈರ್ಯ ಬರಲಿಲ್ಲ. ಇಡೀ ದಿನ ತಾಟು ಅಲ್ಲೇ ಇತ್ತು. ಮರುದಿನ ನೋಡಿದರೆ ಇರಲಿಲ್ಲ. ಮೂರನೆಯ ದಿನ ಅದೇ ತಾಟು ಅದೇ ಜಾಗಕ್ಕೆ ಮರಳಿ ಬಂದಿತ್ತು, ಅದರಲ್ಲಿ ನಾಲ್ಕು ಶೇಂಗಾ ಉಂಡಿ. ನಮ್ಮ ಕಡೆ ತಾಟನ್ನು ಬರಿದಾಗಿ ಮರಳಿಸುವುದಿಲ್ಲ, ನಿಮಗೆ ಗೊತ್ತು. ಇಬ್ಬರೂ ಗೆಳತಿಯರಾದರು ಎಂದು ನಾನು ಬರೆಯಲಾರೆ. ಮಾತು ಇನ್ನೂ ಒಂದೆರಡಕ್ಕೇ ನಿಂತಿದೆ, ಸಿಟ್ಟು ಒಮ್ಮೊಮ್ಮೆ ತಿರುಗಿ ಬರುತ್ತದಂತೆ. ಸವಳು ನೆಲ ಒಂದೇ ಹಂಗಾಮಿಗೆ ಹಸನಾಗುವುದಿಲ್ಲ. ಆದರೆ ನೀರು ಹರಿಯತೊಡಗಿದೆ.

ಕುಟುಂಬದಲ್ಲಿ ಈ ವಾರ

ರಾತ್ರಿಯ ಪ್ರಾರ್ಥನೆಯ ನಂತರ ಮನೆಮಂದಿ ಕೂಡಿ ಯೊವಾನ್ನ 15:1-12 ಓದಿರಿ. ಆಮೇಲೆ ಪ್ರತಿಯೊಬ್ಬರೂ ಮನಸ್ಸಿನಲ್ಲಿ ಮೂರು ಪ್ರಶ್ನೆ ಕೇಳಿಕೊಳ್ಳಿರಿ:

1. ಇಂದು ದೇವರು ನನ್ನನ್ನು ಒಳಗಿನಿಂದ ಮುಟ್ಟಿದ ಗಳಿಗೆ ಯಾವುದು? ಆಗ ನಾನು ಎದ್ದೆನೋ, ಮಲಗಿಯೇ ಇದ್ದೆನೋ?

2. ನಾನು ಪಡೆದದ್ದು ಯಾರ ಕಡೆಗೆ ಹರಿಯದೆ ನಿಂತಿದೆ?

3. ಈ ವಾರ ನಾನು ತೋಡಬಹುದಾದ ಒಂದು ಸಣ್ಣ ಹರಿ ಯಾವುದು? ಒಂದು ಮಾತೇ, ಒಂದು ತಾಟೇ, ಒಂದು ಫೋನ್ ಕರೆಯೇ?

ಪ್ರಾರ್ಥನೆ: ಸ್ವಾಮಿ ದೇವರೇ, ನಾವು ಕೇಳುವ ಮೊದಲೇ ನಿಮ್ಮ ಕೃಪೆ ನಮ್ಮ ಬದುವಿಗೆ ಬಂದು ನಿಂತಿದೆ. ನಮ್ಮ ಪಾಳಿಯಲ್ಲಿ ನಮ್ಮನ್ನು ಎಬ್ಬಿಸಿರಿ. ಬಿಗಿಹಿಡಿದ ನಮ್ಮ ಬೆರಳುಗಳನ್ನು ಸಡಿಲಿಸಿರಿ. ನಮ್ಮಲ್ಲಿಗೆ ಬಂದದ್ದು ನಮ್ಮಲ್ಲೇ ನಿಲ್ಲದೆ, ಕೊನೆಯ ಹೊಲದವರೆಗೂ ಹರಿಯಲಿ. ಆಮೆನ್.